ಬಲಗಾಲಿನ ಬ್ರೇಕು

ಮುರಿದಿದ್ದು ನನ್ನ ಕಾಲು, ಬಾಯಿ ಅಲ್ಲ. ಅದಕ್ಕ ಗೌಸಬಿ ಚಾಚಿ ಮುಂದ ನಿಂತು, "ಬರೋ ಶುಕ್ರವಾರ ನಿಮ್ಮ ಕಣ್ಣ ಮುಂದ ಗಾಡಿ ನಿಲ್ಲಿಸಿ ತೋರಸ್ತೇನ್ರಿ. ನಿಲ್ಲಲಿಲ್ಲ ಅಂದ್ರ ನಾನ ಈ ಕೆಲಸ ಬಿಡ್ತೇನಿ" ಅಂದಬಿಟ್ನಿ. ಹೊರಗ ಬಂದ ಮ್ಯಾಲ ಆ ಬಾಯಿಗೆ ಬೇಕಾದಷ್ಟು ಬೈಕೊಂಡ್ನಿ. ಆದ್ರ ಅಂದಿದ್ದು ಅಂದಾಗಿತ್ತು.

ನಾನು ಸಮತಾ, ಹಿರೇಕೆರೂರು ತಾಲೂಕು ಚಿಕ್ಕೇರೂರಾಕಿ. ಆರು ವರ್ಷದಿಂದ ನಂದು ಒಂದ ಕೆಲಸ. ವಾರದಾಗ ಎರಡು ದಿನ, ಮಂಗಳವಾರ ಮತ್ತ ಶುಕ್ರವಾರ, ಸವಣೂರಿಗೆ ಹೋಗೋದು, ಗೌಸಬಿ ಚಾಚಿ ತ್ವಾಟದಾಗ ವೀಳ್ಯದೆಲಿ ಪೆಂಡಿ ಬೈಕಿಗೆ ಹೇರಕೊಳ್ಳೋದು, ಶಿಗ್ಗಾಂವಿ, ಹಾನಗಲ್ಲು, ತಿಳವಳ್ಳಿ, ಹಿರೇಕೆರೂರು ಅಂತ ಪಾನ್ ಅಂಗಡಿಗೆಲ್ಲಾ ಮುಟ್ಟಿಸೋದು. ಬೈಕು ನಮ್ಮಪ್ಪಂದು. ಅಪ್ಪ ಹೋದ ಮ್ಯಾಲ "ಹೆಣಮಗಳು ಬೈಕ್ ತಗೊಂಡು ಏನ್ ಮಾಡ್ತಾಳ, ಮಾರ್ರಿ" ಅಂದ ಮಂದಿಗೆಲ್ಲಾ ಇವತ್ತ ನಾನು ತಂದ ಎಲಿನ ಬೇಕು. ಈ ಮಾತು ಹೇಳಾಕ ನನಗ ಯಾವಾಗ್ಲೂ ಖುಷಿ, ಸುಳ್ಳ್ಯಾಕ ಹೇಳಲಿ.

ಹೋದ ವರ್ಷ ತಿಳವಳ್ಳಿ ದಾಟಿ ಬರಾಕತ್ತಾಗ ಒಂದು ಎಮ್ಮಿ ಅಡ್ಡ ಬಂತು. ಎಮ್ಮಿಗೆ ಏನೂ ಆಗಲಿಲ್ಲ, ನನ್ನ ಬಲಗಾಲಿನ ಪಾದದ ಮ್ಯಾಲಿನ ಹರಡಿನ ಎಲುಬು ಎರಡು ತುಂಡಾತು. ದವಾಖಾನಿಯಾಗ ರಾಡ್ ಹಾಕಿದ್ರು. ಎಲುಬು ಕೂಡಿತು, ಆದ್ರ ಪಾದ ಕೆಳಗ ಬಗ್ಗೋದು ಬಿಟ್ಟು ಹಲಗಿ ಆಗಿ ಕುಂತಿತು. ಅವ್ವ ದಿನಾ ಮುಂಜಾನೆ ಕುಸುಬಿ ಎಣ್ಣಿಯಾಗ ಬಳ್ಳೊಳ್ಳಿ, ಅಜವಾನ ಕಾಸಿ ತಿಕ್ಕತಿದ್ಳು. ಹನ್ನೊಂದು ತಿಂಗಳು, ಒಂದು ದಿನಾನೂ ಬಿಡಲಿಲ್ಲ. ನಡಿಯಾಕ ಬಂತು. ಆದ್ರ ಬೈಕಿನ ಹಿಂದಿನ ಬ್ರೇಕು ಇರೋದ ಬಲಗಾಲಿಗೆ. ಅದು ಹಳೇ ಡ್ರಮ್ ಬ್ರೇಕು, ಮೈಯಾನ ಶಕ್ತಿ ಎಲ್ಲಾ ಹಾಕಿ ತುಳಿದ್ರ ನಿಲ್ಲೋದು. ನನ್ನ ಕಾಲಿಗೆ ಎಲ್ಲಿ ಆ ಶಕ್ತಿ?

ಕೈಯಾನ ಮುಂದಿನ ಬ್ರೇಕಿನ ಮ್ಯಾಲ ಹೆಂಗೋ ನಡಿಸಿದ್ನಿ, ಯಾರಿಗೂ ಹೇಳಲಿಲ್ಲ. ಆದ್ರ ಒಂದು ಮಂಗಳವಾರ ಶಿಗ್ಗಾಂವಿ ಬೈಪಾಸಿನಾಗ ನಾಯಿ ಅಡ್ಡ ಬಂತು, ಮುಂದಿನ ಬ್ರೇಕ್ ಹಿಡದ್ನಿ, ಕೆಳಗ ಉಸುಕು, ಗಾಲಿ ಜರ್ರಂತ ಜಾರಿತು. ನನಗ ಮೊಣಕೈ ತರಚಿತು ಅಷ್ಟ. ಎಲಿ ಮಾತ್ರ ರಸ್ತಾ ತುಂಬ. ಹಿಂದ ಬರಾಕತ್ತಿದ್ದು ಯಾರು ಅಂತೀರಿ? ಉಳಿವೆಪ್ಪ. ಸವಣೂರಾಗ ಟಂಟಂ ಆಟೋ ಹೊಡಿಯಾಂವ, ನಾ ಎಲಿ ಮುಟ್ಟಿಸೋ ಈ ಲೈನಿನ ಮ್ಯಾಲ ಮೂರು ವರ್ಷದಿಂದ ಕಣ್ಣಿಟ್ಟಾಂವ. ಖರೆ ಹೇಳಬೇಕಂದ್ರ ಆತ ಇಳಿದು ಎಲಿ ಆರಿಸಾಕ ಕೈ ಹಚ್ಚಿದ. ಆರಿಸಿ ಮುಗಿಸಿ, ನಾನು ಧೂಳು ಝಾಡಿಸಿಕೊಳ್ಳೋದ್ರೊಳಗ ಗೌಸಬಿ ಚಾಚಿಗೆ ಫೋನೂ ಮಾಡಿ ಮುಗಿಸಿದ.

ಶುಕ್ರವಾರ ಹೋದಾಗ ಚಾಚಿ ನನಗ ಎಲಿ ಹೇರಲಿಲ್ಲ. ಅರವತ್ತು ದಾಟಿದ ಹೆಂಗಸು, ಗಂಡ ಸತ್ತ ಮ್ಯಾಲ ಇಡೀ ಎಲಿಬಳ್ಳಿ ತ್ವಾಟ ಒಬ್ಬಾಕಿನ ಕಾದಾಕಿ. ಮಾತು ಕಡಿಮಿ.

"ಎಲಿ ಹಾಳಾದ್ರ ಮತ್ತ ಚಿಗೀತಾವ ಬೇಟಿ. ನೀ ಹಾಳಾದ್ರ ನಿಮ್ಮವ್ವ ಮಂಜವ್ವಗ ನಾ ಏನ್ ಹೇಳಲಿ?" ಅಂದ್ಳು. "ಬರೋ ಅಮಾಸಿಗೆ ಉಳಿವೆಪ್ಪಗ ಎಲಿ-ಅಡಕಿ ಕೊಡ್ತೇನಿ."

ಆ ತ್ವಾಟದಾಗ ಬರದು ಕೊಡೋದು, ಸಹಿ ಮಾಡೋದು ಯಾವುದೂ ಇಲ್ಲ. ಚಾಚಿ ಒಂದು ಎಲಿ ಮ್ಯಾಲ ಒಂದು ಅಡಕಿ ಇಟ್ಟು ಯಾರ ಕೈಯಾಗ ಕೊಡ್ತಾಳೋ ಲೈನು ಅವರದು. ಕೊಟ್ಟ ಮ್ಯಾಲ ಆಕಿ ವಾಪಸ್ ತಗೊಂಡಿದ್ದು ನಾ ಕಂಡಿಲ್ಲ. ಆವಾಗ ನನ್ನ ಬಾಯಿ ತಾನ ತೆರೀತು, ಮೊದಲ ಹೇಳಿದ್ನಲ್ಲಾ, ಆ ಮಾತು ಬಿತ್ತು.

ಚಾಚಿ ಕನ್ನಡಕದ ಮ್ಯಾಲಿಂದ ನೋಡಿದ್ಳು. "ಆತು. ಮುಂದಿನ ಬ್ರೇಕ್ ಮುಟ್ಟಬಾರದು. ಬಲಗೈಯಾಗ ಒಂದು ಎಲಿ ಹಿಡಕೊಂಡು ಇಳುಕಲಿನಾಗ ಬಾ. ಬಾಂವಿ ಹತ್ರ ಗೆರಿ ಎಳೀತೇವಿ, ಗೆರಿ ಒಳಗ ನಿಲ್ಲಬೇಕು. ಎಲಿ ನಲುಗಬಾರದು. ಒಂದ ಸಲ, ಅಷ್ಟ."

"ಗೆರಿ ನಾ ಎಳಿತೇನ್ರಿ" ಅಂದ ಅಲ್ಲೇ ಟಂಟಂ ಹಚ್ಚಿ ನಿಂತಿದ್ದ ಉಳಿವೆಪ್ಪ, ಹಲ್ಲು ಕಿಸಿದು.

ಅಲ್ಲಿಂದ ಸೀದಾ ಹಾನಗಲ್ಲಿಗೆ, ಅನೀಸಣ್ಣನ ಗ್ಯಾರೇಜಿಗೆ. ಅಪ್ಪನ ಕಾಲದಿಂದ ಈ ಬೈಕಿಗೆ ಕೈ ಹಚ್ಚಿದಾಂವ ಆತ ಒಬ್ಬನ. ಡ್ರಮ್ ಇನ್ನಷ್ಟು ಬಿಗಿ ಮಾಡು ಅಂದ್ನಿ. ಆತ ನನ್ನ ಕಾಲು ನೋಡಿದ, ಪೆಡಲ್ ನೋಡಿದ, ತಲಿ ಅಲ್ಲಾಡಿಸಿದ.

"ಬಿಗಿ ಮಾಡಿದ್ರ ಏನ್ ಬಂತು ತಂಗಿ? ಡ್ರಮ್ ಅಂದ್ರ ಗಾಲಿ ಹೊಟ್ಟಿಯೊಳಗ ಲೈನರ್ ಹಿಗ್ಗಿ ತಿಕ್ಕಬೇಕು. ಕಡ್ಡಿ ಜಗ್ಗೋದು ಪೂರಾ ನಿನ್ನ ಕಾಲಿನ ಮ್ಯಾಲ. ಹಿಂದನೂ ಡಿಸ್ಕ್ ಹಾಕೂಣು. ನೀ ಒಂದೀಟು ಒತ್ತು, ಉಳಿದ ಜೋರು ಬ್ರೇಕ್ ಆಯಿಲ್ ಪೈಪಿನಾಗ ತಗೊಂಡು ಹೋಗಿ ಪ್ಯಾಡಿಗೆ ಕೊಡ್ತೈತಿ. ಎರಡು ಪ್ಯಾಡು ಡಿಸ್ಕನ್ನ ಚಿಮಟಗಿ ಹಿಡದಂಗ ಹಿಡಿತಾವ."

"ನನ್ನ ಬೈಕಿಗೆ ಕೂಡ್ರತೈತಿ?"

"ಕೂಡ್ರಲಿಲ್ಲ ಅಂದ್ರ ಕೂಡ್ರಸ್ತೇನಿ. ಅದಕ್ಕ ಅಲ್ಲೇನು ನಾ ಇರೋದು?"

ಶಿಗ್ಗಾಂವಿ ಗುಜರಿಯಾಗ ನಮ್ಮ ಬೈಕಿನ ಕಂಪನಿದ ದೊಡ್ಡ ಗಾಡಿ ಒಂದು ಬಿದ್ದಿತ್ತು. ಮಾರಿ ಅಪ್ಪಚ್ಚಿ ಆಗಿತ್ತು, ಹಿಂದಿನ ಅರ್ಧ ಮಾತ್ರ ಮದಮಗನಂಗ ಇತ್ತು. ಡಿಸ್ಕ್ ಸಮೇತ ಹಿಂದಿನ ಗಾಲಿ, ಗಾಲಿನ ಗಾಡಿಗೆ ಕೂಡಿಸೋ ಕಬ್ಬಿಣದ ಚಿಮಟಾ, ಪ್ಯಾಡ್ ಕೂಡ್ರೋ ಕ್ಯಾಲಿಪರ್, ಪೆಡಲ್, ಪೈಪು, ಎಲ್ಲಾ ಬಿಚ್ಚಿಕೊಂಡು ಬಂದ್ವಿ. ಎರಡು ದಿನ ನಾನು ಗ್ಯಾರೇಜಿನಾಗ ನಟ್ಟು ಬಿಚ್ಚೋ ಪಾನಾ ಕೊಡ್ಕೋತ ಕುಂತ್ನಿ. ಆತ ಪ್ರತಿಯೊಂದನ್ನೂ ತೋರಿಸಿ ಮಾಡಿದ. "ನೀ ದಾರಿಯಾಗ ಇರಾಕಿ, ನಿನಗ ಗೊತ್ತಿರಬೇಕು" ಅಂದ. ಪೈಪಿನಾಗಿನ ಗಾಳಿ ತೆಗಿಯಾಕ ಒಂದು ಮಧ್ಯಾಹ್ನ ಹೋತು. ನಾ ಪೆಡಲ್ ಒತ್ತಿ ಹಿಡಿಯೋದು, ಆತ ನಟ್ಟು ಸಡಲಿಸೋದು, ಎಣ್ಣಿ ಜೋಡಿ ಬುಳಬುಳ ಗಾಳಿ ಬರೋದು. ಮೊದಲ ಪೆಡಲು ಹಿಟ್ಟಿನಾಗ ಕಾಲಿಟ್ಟಂಗ ಮೆತ್ತಗ ಹೋಗತಿತ್ತು. ಕಡೀಕ ಒಂದು ಸಲ ಒತ್ತಿದಾಗ ಗಟ್ಟಿಯಾಗಿ ನಿಂತಿತು. ನನ್ನ ಆ ಹಲಗಿ ಪಾದಕ್ಕ ಅದು ಗೊತ್ತಾತು!

ಹೊಸಾ ಪ್ಯಾಡ್ ಹಾಕಿ, ಗುಜರಿ ಗಾಡಿಯಾನ ಹಳೇ ಪ್ಯಾಡ್ ಒಂದು ಚಿಂದಿಯಾಗ ಸುತ್ತಿ ನನ್ನ ಪಾನಾ ಚೀಲದಾಗ ತುರುಕಿದ.

"ಈ ಕಸ ಯಾಕಣ್ಣ?"

"ಅರ್ಧ ಸವದಾವ, ಆದ್ರ ಜೀವ ಐತಿ. ಇರಲಿ ಇಟ್ಕೊ."

ತಿಳವಳ್ಳಿ ರಸ್ತಾಕ್ಕ ಬಂದು ಜೋರು ಓಡಿಸಿ, ಬಲಗಾಲು ಇಟ್ಟ್ನಿ. ಒದಿಯಲಿಲ್ಲ, ತುಳಿಯಲಿಲ್ಲ, ಬರೇ ಇಟ್ಟ್ನಿ. ಗಾಡಿ ನಿಂತಬಿಟ್ಟಿತು. ಮತ್ತ ಓಡಿಸಿದ್ನಿ, ಮತ್ತ ನಿಂತಿತು. ರಸ್ತಾದ ಬಾಜೂಕ ಗಾಡಿ ಹಚ್ಚಿ, ಹೆಲ್ಮೆಟ್ ಒಳಗ ಗಳಗಳ ಅತ್ನಿ. ಯಾರಾದ್ರೂ ನೋಡಿದ್ರ ನೋಡ್ಲಿ.

ಅಮಾಸಿ ಶುಕ್ರವಾರ. ಅವ್ವ ತಾನೂ ಬರ್ತೇನಿ ಅಂತ ಹಟ ಹಿಡದ್ಳು. ನಮ್ಮವ್ವ ಮಂಜವ್ವ ಹಟ ಹಿಡದ್ರ ನಾನ ಸುಮ್ಮನಾಗಬೇಕು, ಅಷ್ಟು ಹಟ. ಅಪ್ಪ ಮನಿ ಗ್ವಾಡಿಗೆ ಬುದ್ಧನ ಫೋಟೋ ಹಚ್ಚಿ, ನನಗ ಸಮತಾ ಅಂತ ಹೆಸರಿಟ್ಟು, ಇನ್ನ ಪೂಜಿ-ಪಾಠ ಸಾಕು ಅಂದಿದ್ದನಂತ. ಅವ್ವ ಹೂಂ ಅಂದು, ಅಮಾಸಿ ಬಂದ್ರ ಆ ಬುದ್ಧಗೂ ಊದಿನಕಡ್ಡಿ ಹಚ್ಚಾಕಿ. ಅವತ್ತ ನಸುಕಿನಾಗ ಹೊರಟ್ವಿ, ಪೂಜಿ ಮಾಡಾಕ ಟೈಮ್ ಸಿಗಲಿಲ್ಲ. ಹಿಂದ ಕುಂತು ದಾರಿ ತುಂಬ ಒಟಗುಟ್ಟಿದ್ಳು. ಹಾನಗಲ್ಲಾಗ ಅನೀಸಣ್ಣ ಒಮ್ಮೆ ಎಲ್ಲಾ ಮುಟ್ಟಿ ನೋಡಿ, "ಹೋಗು, ಗೆದ್ದ ಬಾ" ಅಂದ. ಸವಣೂರು ಮುಟ್ಟೋ ತನಕ ಬ್ರೇಕು ಬಂಗಾರದಂಗ ಇತ್ತು.

ಎಲಿ ಕೊಯ್ದು ಪೆಂಡಿ ಕಟ್ಟೋದ್ರಾಗ ಮಧ್ಯಾಹ್ನ ಆತು. ಚಾಚಿ ನನ್ನ ಒಳಗ ಕರದು ಚಾ ಕೊಟ್ಳು. ಅವ್ವ ಬರಲಿಲ್ಲ, "ನಾ ಗಾಡಿ ಹತ್ರ ಇರ್ತೇನ್ರಿ ಅಕ್ಕಾರ" ಅಂದ್ಳು. ನಾ ಚಾ ಕುಡದು ಹೊರಗ ಬಂದಾಗ ಬೈಕಿನ ಹಣಿಗೆ ವಿಭೂತಿ, ಕುಂಕುಮ, ಮುಂದಿನ ಗಾಲಿ ಕೆಳಗ ಲಿಂಬಿಹಣ್ಣು. ಅವ್ವನ ಮಾರಿ ನಿರಾಳ ಆಗಿತ್ತು. ನಾನೂ ನಕ್ಕು ಲಿಂಬಿಹಣ್ಣು ಪಚ್ಚಂತ ತುಳಿಸಿ ಹೊರಟ್ನಿ.

ತ್ವಾಟದ ಹುಡುಗರು ಎರಡು ಪೆಂಡಿ ಹೇರಿ ನಮಾಜಿಗೆ ಹೋದ್ರು. ತ್ವಾಟದ ಮ್ಯಾಲಿನ ಏರಿ ಹತ್ತಿ, ತಿರುಗಿಸಿ, ಬಲಗೈಯಾನ ಎರಡು ಬೆರಳಿನಾಗ ಎಲಿ ಹಿಡಕೊಂಡು ಇಳುಕಲು ಬಿಟ್ನಿ. ಕೆಳಗ ಬಾಂವಿ ಹತ್ರ ಉಳಿವೆಪ್ಪ ಸುಣ್ಣದ ಗೆರಿ ಎಳದು, ಟೊಂಕದ ಮ್ಯಾಲ ಕೈ ಇಟ್ಟು ನಿಂತಿದ್ದ. ಗೆರಿ ಹತ್ರ ಬಂತು. ಕಾಲಿಟ್ಟ್ನಿ.

ಗಾಡಿ ನಿಲ್ಲಲಿಲ್ಲ.

ಪೆಡಲು ಗಟ್ಟಿ ಇತ್ತು, ಗಾಲಿ ಮಾತ್ರ ತನ್ನಷ್ಟಕ್ಕ ಓಡಾಕತ್ತಿತ್ತು. ಒತ್ತಿದ್ನಿ, ಒತ್ತಿದ್ನಿ, ಗೆರಿ ದಾಟಿತು, ಬಾಂವಿ ದಾಟಿತು. ಎಲಿ ಒಗದು ಮುಂದಿನ ಬ್ರೇಕ್ ಹಿಡದ್ನಿ, ಮುಂದಿನ ಗಾಲಿ ನೀರಿನ ಕಾಲವಿಯಾಗ ಧೊಪ್ಪಂತ ಇಳಿದು ನಿಂತಿತು.

"ಡಿಸ್ಕ್ ಅಲ್ಲ ಬಿಡವಾ ಅದು, ಊಟದ ತಾಟು!" ಅಂತ ಉಳಿವೆಪ್ಪ ಹೊಟ್ಟಿ ಹಿಡಕೊಂಡು ನಕ್ಕ.

ನೆಲ ಬಿರಿದು ಒಳಗ ಹೋದ್ರ ಸಾಕಾಗಿತ್ತು. ಅನೀಸಣ್ಣಗ ಫೋನ್ ಹಚ್ಚಿದ್ನಿ, ಸ್ವಿಚ್ ಆಫ್. ಮತ್ತ ಹಚ್ಚಿದ್ನಿ, ಆರು ಸಲ ಹಚ್ಚಿದ್ನಿ. ಜುಮ್ಮಾ ನಮಾಜಿಗೆ ಹೋಗಿರಬೇಕು. ಸಿಟ್ಟಿನಾಗ ಆತಗ ಏನೇನ ಅಂದ್ನೋ ಇಲ್ಲಿ ಹೇಳಾಕ ಬರೂದಿಲ್ಲ. ಎರಡು ದಿನ ಅಣ್ಣ ಅಣ್ಣ ಅಂದ ಬಾಯಿನ ಅದು.

ಬೈಕ್ ಹಿಂದಕ್ಕ ಜಗ್ಗಿ, ಬಗ್ಗಿ ಡಿಸ್ಕ್ ನೋಡಿದ್ನಿ. ಮಿರಿಮಿರಿ ಮಿಂಚಾಕತ್ತಿತ್ತು, ಬ್ಯಾಡಾದಷ್ಟು. ಬೆರಳಿಲೆ ಸವರಿದ್ನಿ, ಜಿಡ್ಡು. ಪೈಪು ಸೋರೇತೇನೋ ಅಂತ ಮೂಗಿಗೆ ಹಿಡದ್ನಿ. ಬ್ರೇಕ್ ಆಯಿಲ್ ವಾಸನಿ ಅಲ್ಲ ಅದು. ಬಳ್ಳೊಳ್ಳಿ, ಅಜವಾನ. ಹನ್ನೊಂದು ತಿಂಗಳಿಂದ ದಿನಾ ನನ್ನ ಕಾಲಿಗೆ ಬರೋ ವಾಸನಿ.

"ಅವ್ವಾ! ಇದಕ್ಕ ಏನ್ ಹಚ್ಚಿದಿ?"

"ಎಣ್ಣಿ ಹಚ್ಚೇನಿ" ಅಂದ್ಳು ಅವ್ವ, ಹೆಮ್ಮಿಲೆ. "ಅಮಾಸಿಗೆ ಕುಡಗೋಲು, ಕುರಪಿ, ಈಳಿಗಿ, ಮನಿಯಾನ ಕಬ್ಬಿಣಕ್ಕೆಲ್ಲಾ ಎಣ್ಣಿ ಹಚ್ಚೂದಿಲ್ಲೇನು ನಾವು? ಹಳೇ ಬ್ರೇಕು ಒಳಗರೆ ಇತ್ತು. ಇದು ಪಾಪ ಹೊರಗ ಬತ್ತಲೆ ಕುಂತೈತಿ. ಹೊಸಾ ಕಬ್ಬಿಣ, ಜಂಗ ಹಿಡಿಬಾರದು ಅಂತ ಎರಡೂ ಬಾಜೂ ಚಂದಂಗ ತಿಕ್ಕೇನಿ."

ಚಂದಂಗ ತಿಕ್ಕ್ಯಾಳಂತ! ಎಲ್ಲಾರ ಮುಂದ ಚೀರಿದ್ನಿ. "ನಿನಗ ಯಾರು ಹೇಳಿದ್ರು ಮುಟ್ಟಾಕ? ಆರು ವರ್ಷದ ಅನ್ನ ನನ್ನ ಬಾಯಿಂದ ಕಸಗೊಂಡ್ಯಲ್ಲವಾ!"

ಅವ್ವ ಎಣ್ಣಿ ಬಾಟ್ಲಿ ಸೆರಗಿನಾಗ ಮುಚ್ಚಿಕೊಂಡ್ಳು, ಕದ್ದು ಸಿಕ್ಕಿಬಿದ್ದಾರಂಗ. ಅದನ್ನ ನೋಡಿದ ಕೂಡ್ಲೆ ನನ್ನ ಸಿಟ್ಟು ಜರ್ರಂತ ಇಳಿದುಹೋತು. ಆ ಬಾಟ್ಲಿ ಇಲ್ಲದಿದ್ರ ನಾನು ಇವತ್ತ ನಿಲ್ಲಾಕರೆ ಬರ್ತಿತ್ತೇನು?

ಚಾಚಿ ಕಡೆ ತಿರುಗಿದ್ನಿ. "ಚಾಚಿ, ಇನ್ನೊಂದ ಸಲ."

"ಒಂದ ಸಲ ಅಂತ ಮಾತಾಗಿತ್ತು!" ಅಂದ ಉಳಿವೆಪ್ಪ.

ಚಾಚಿ ಕನ್ನಡಕ ತೆಗದು ಒರಸಿಕೊಂಡ್ಳು. "ಮಾತಾಗಿದ್ದು ಬ್ರೇಕಿಂದು ಉಳಿವೆಪ್ಪ, ಒಗ್ಗರಣಿದು ಅಲ್ಲ. ನಮಾಜ್ ಮುಗಿದು ಹುಡುಗರು ಬಂದಕೂಡ್ಲೆ ಎಲಿ ಹೊರಡಬೇಕು. ಅಲ್ಲೀ ತನಕ ನಿನಗ ಟೈಮ್ ಐತಿ ಬೇಟಿ. ಏನ್ ಬೇಕು?"

"ಬಿಸಿನೀರು, ಸಾಬೂನ ಪುಡಿ, ಒಂದು ಹಳೇ ಧೋತ್ರ."

ಡಿಸ್ಕ್ ತೊಳದ್ನಿ, ಒರಸಿದ್ನಿ, ಪೆಟ್ರೋಲ್ ಹಚ್ಚಿ ಮತ್ತ ಒರಸಿದ್ನಿ. ಅದೇನೋ ಸ್ವಚ್ಛ ಆತು. ಆದ್ರ ಪ್ಯಾಡು ಎಣ್ಣಿ ಕುಡದುಬಿಟ್ಟಿದ್ದು, ಅವನ್ನ ಎಷ್ಟು ತಿಕ್ಕಿದ್ರೂ ಉಪಯೋಗ ಇಲ್ಲ. ಆವಾಗ ನೆನಪಾತು, ಚಿಂದಿಯಾಗ ಸುತ್ತಿದ ಕಸ. ಪಾನಾ ಚೀಲ ಸುರುವಿದ್ನಿ. ಇದ್ದು! ಅನೀಸಣ್ಣ ಪಿನ್ ಹೆಂಗ ಜಗ್ಗಿದ್ದ, ಪ್ಯಾಡ್ ಯಾವ ಕಡೆಯಿಂದ ತೂರಿಸಿದ್ದ ಅಂತ ಕಣ್ಣು ಮುಚ್ಚಿ ನೆನಸಿಕೊಂಡ್ನಿ. ಒಂದು ಪ್ಯಾಡು ಉಲ್ಟಾ ಕೂಡ್ರಿಸಿ, ಬೈಕೊಂಡು ತೆಗದು, ಮತ್ತ ಸುಲ್ಟಾ ಹಾಕಿದ್ನಿ. ಅವ್ವ ಹತ್ರ ಬಂದು ಪಾನಾ ಒಂದೊಂದ ಎತ್ತಿಕೊಟ್ಳು, ತನ್ನ ಕೈ ಮೊದಲ ಮೂರು ಸಲ ಸಾಬೂನಿಲೆ ತೊಳಕೊಂಡು.

ಸವದ ಪ್ಯಾಡು ತೆಳ್ಳಗ, ಅದಕ್ಕ ಪೆಡಲ್ ಮೊದಲ ಸಲ ಒಳಗ ಹೋತು. ಮತ್ತ ಒತ್ತಿದ್ನಿ, ಮತ್ತ ಒತ್ತಿದ್ನಿ. ಐದನೇದಕ್ಕ ಗಟ್ಟಿ ಆತು. ಏರಿ ಮ್ಯಾಲ ಹೋಗಿ ಸಣ್ಣಗ ಓಡಿಸಿ ನಿಲ್ಲಿಸಿ ನೋಡಿದ್ನಿ. ಮೊದಲ ಎರಡು ಸಲ ಅರೆಮನಸಿಲೆ ಹಿಡೀತು, ಮೂರನೇ ಸಲ ಕಚ್ಚಿತು. ಇನ್ನೂ ಆರು ಸಲ ಮಾಡಿದ್ನಿ. ಆರೂ ಸಲ ಕಚ್ಚಿತು.

ವಾಪಸ್ ಬಂದು, "ಚಾಚಿ, ಎರಡಲ್ಲ, ನಾಲ್ಕು ಪೆಂಡಿ ಹೇರ್ರಿ" ಅಂದ್ನಿ. ನೋಡ್ರಿ, ಮತ್ತ ಈ ಬಾಯಿ.

ನಾಲ್ಕು ಪೆಂಡಿ ಹೇರಿ, ಹೊಸಾ ಎಲಿ ಬೆರಳಿನಾಗ ಹಿಡದು, ಏರಿ ಮ್ಯಾಲಿಂದ ತಿರುಗಿದ್ನಿ. ಕೆಳಗ ನೋಡ್ತೇನಿ, ಗೆರಿ ಆಚೆ ಒಂದು ಮೊಳದ ಮ್ಯಾಲ ನಮ್ಮವ್ವ ನಿಂತಾಳ. ನಟ್ಟನಡುವ, ಸೆರಗು ಸೊಂಟಕ್ಕ ಸಿಗಿಸಿಕೊಂಡು.

"ಅವ್ವಾ, ಸರಿ!" ಅಂತ ಒದರಿದ್ನಿ.

"ನೀ ಬಾ!" ಅಂದ್ಳು.

"ಹುಚ್ಚಿಡದೈತೇನು ನಿನಗ? ಬಾಜೂಕ ಸರಿ!"

"ಎಣ್ಣಿ ಹಚ್ಚಿದಾಕಿ ನಾನು. ನಿಲ್ಲಾಕಿನೂ ನಾನ. ಬಾರ ನೀ!"

ಉಳಿವೆಪ್ಪ ನಗೋದು ನಿಲ್ಲಿಸಿ, "ಏ ಮಂಜವ್ವಾ, ಬ್ಯಾಡ ಬರ್ರಿ ಈ ಕಡೆ" ಅಂತ ಕೈ ಮಾಡಿ ಕರದ. ಅವ್ವ ಆತನ ಕಡೆ ನೋಡಲೂ ಇಲ್ಲ. ಹೇಳಿದ್ನಲ್ಲಾ, ನಮ್ಮವ್ವ ಹಟ ಹಿಡದ್ರ ನಾನ ಸುಮ್ಮನಾಗಬೇಕು. ಗಾಡಿ ಬಿಟ್ನಿ.

ನಾಲ್ಕು ಪೆಂಡಿ ಭಾರ ಹಿಂದಿಂದ ದೂಡಾಕತ್ತಿತ್ತು. ಗಾಳಿಗೆ ಬೆರಳಿನಾಗ ಎಲಿ ಪಟಪಟ ಅಂತಿತ್ತು. ಅವ್ವನ ಮಾರಿ ದೊಡ್ಡದಾಗ್ಕೋತ ಬಂತು, ಹಣಿ ಮ್ಯಾಲಿನ ಕುಂಕುಮ ಕಂಡಿತು, ಕಣ್ಣು ಕಂಡಿತು. ಕಣ್ಣು ಮುಚ್ಚಿರಲಿಲ್ಲ ಆಕಿ. ಹನ್ನೊಂದು ತಿಂಗಳು ನಾನು ಬೈದ ಕಾಲು, ಮರದ್ದು, ಸತ್ತದ್ದು, ದರಿದ್ರದ್ದು ಅಂತ ಕರದ ಕಾಲು, ಅದಕ್ಕ ಹೇಳಿದ್ನಿ, ಈಗ ನೀನ ನೋಡಪಾ. ಇಟ್ಟ್ನಿ.

ಗಾಡಿ ಕಚ್ಚಿ ನಿಂತಿತು. ಜಾರಲಿಲ್ಲ, ಓಲಾಡಲಿಲ್ಲ. ಮುಂದಿನ ಗಾಲಿ ಗೆರಿ ಒಳಗ, ಗೆರಿಗೂ ಗಾಲಿಗೂ ನಡುವ ಇನ್ನೂ ಒಂದು ಗೇಣು ಜಾಗ.

ಚಾಚಿ ಬಂದು ನನ್ನ ಬೆರಳಿನಾನ ಎಲಿ ತಗೊಂಡು ಬೆಳಕಿಗೆ ಹಿಡದು ಎರಡೂ ಬಾಜೂ ನೋಡಿದ್ಳು. ಒಂದು ಗೀರೂ ಇರಲಿಲ್ಲ. ಸಂಚಿಯಿಂದ ಒಂದು ಅಡಕಿ ತೆಗದು ಅದ ಎಲಿ ಮ್ಯಾಲ ಇಟ್ಟು ನನ್ನ ಅಂಗೈಯಾಗ ಕೊಟ್ಳು.

"ತಗೊ. ನಾಲ್ಕೂ ಊರು ನಿಂದು" ಅಂದ್ಳು.

ಹೋಯ್ ಅಂತ ಚೀರಿದ್ನಿ ನೋಡ್ರಿ, ತ್ವಾಟದಾನ ಕಾಗಿ ಎಲ್ಲಾ ಹಾರಿದ್ದು. ನಮಾಜ್ ಮುಗಿಸಿ ಬರಾಕತ್ತಿದ್ದ ತ್ವಾಟದ ಹುಡುಗರು ಗೇಟಿನಾಗ ಹಂಗ ನಿಂತ್ರು. ಉಳಿವೆಪ್ಪ ತಲಿ ಕೆರಕೊಂಡು ಹತ್ರ ಬಂದು, ಬಗ್ಗಿ ಡಿಸ್ಕ್ ನೋಡಿ, "ಆ ಹಾನಗಲ್ ಮಿಸ್ತ್ರಿ ನಂಬರ್ ಕೊಡು" ಅಂದ. ಸಡಲಿದ್ದ ಪೆಂಡಿ ಹಗ್ಗ ತಾನ ಬಿಗಿದು ಕಟ್ಟಿದ. ಅಷ್ಟರಾಗ ಅನೀಸಣ್ಣನ ಫೋನ್ ಬಂತು.

"ಆರು ಸಲ ಹಚ್ಚೀಯಲ್ಲ ತಂಗಿ, ಏನಾತು?"

"ಏನಿಲ್ಲಣ್ಣ. ನಿನಗ ಒಂದೀಟು ಬೈದಿದ್ನಿ, ವಾಪಸ್ ತಗೊಂಡೇನಿ. ಗೆದ್ದೇನಿ" ಅಂದ್ನಿ. ಆತಗ ತಿಳೀತೋ ಇಲ್ಲೋ, ನಕ್ಕ.

ಅವ್ವ ಎಲ್ಲಿ ಅಂತ ನೋಡಿದ್ರ ಬಾಂವಿ ಕಟ್ಟಿ ಮ್ಯಾಲ ಕುಂತಿದ್ಳು. ಹೋಗಿ ಬಾಜೂಕ ಕುಂತ್ನಿ. ಚೀರಿದ್ದಕ್ಕ ಏನರೆ ಹೇಳಬೇಕಂತ ಬಾಯಿ ತೆರದ್ನಿ.

ಅವ್ವ ನನ್ನ ಬಲಗಾಲು ಎತ್ತಿ ತನ್ನ ತೊಡಿ ಮ್ಯಾಲ ಇಟ್ಕೊಂಡ್ಳು. ಚಪ್ಪಲಿ ಬಿಚ್ಚಿದ್ಳು. ಸೆರಗಿನಾಗಿಂದ ಬಾಟ್ಲಿ ತೆಗದು, ತಳದಾಗ ಉಳಿದಿದ್ದ ಎಣ್ಣಿ ಅಂಗೈಯಾಗ ಸುರುವಿಕೊಂಡು, ಹರಡಿನ ಸುತ್ತ ಹಚ್ಚಿದ್ಳು. ಆಮ್ಯಾಲ ಕುಂಕುಮದ ಭರಣಿ ತೆಗದು, ನನ್ನ ಕಾಲಿನ ಹೆಬ್ಬೆರಳಿಗೆ ಒಂದು ಬೊಟ್ಟು ಇಟ್ಟು, ಎಲ್ಲಾರ ಮುಂದ ಆ ಕಾಲಿಗೆ ಕೈ ಮುಗದ್ಳು.

"ಇದಕ್ಕ ಮಾಡೂದು ಬಿಟ್ಟು ಆ ತಗಡಿಗೆ ಮಾಡಿದ್ನಿ ನೋಡು ಪೂಜಿ" ಅಂದ್ಳು.

ನನ್ನ ಕಣ್ಣು ತುಂಬಿ ಬಂದು ಏನೂ ಕಾಣಲಿಲ್ಲ. ಆದ್ರ ಶಿಗ್ಗಾಂವಿಯಾಗ ಅಂಗಡಿಯವರು ಕಾಯಾಕತ್ತಿದ್ರು, ಹಾನಗಲ್ಲು, ತಿಳವಳ್ಳಿ, ಹಿರೇಕೆರೂರು ಎಲ್ಲಾ ಇನ್ನೂ ಮುಂದ ಇದ್ದು.

"ಈಗ ಒರಸು ಅವ್ವಾ" ಅಂದ್ನಿ. "ಪೆಡಲಿನ ಮ್ಯಾಲ ಜಾರತೈತಿ."